ನನ್ನ ಮುಖದ ತೇಜಸ್ಸು

ದೇಹ ಬೇರೆ, ಆತ್ಮ ಬೇರೆ ಎಂಬುದನ್ನು ತವರಿನಲ್ಲಿ ತಂದೆಯವರು ನನಗೆ ಲಂಗ ಉಡುವ ವಯಸ್ಸಿನಲ್ಲಿಯೇ ಬಾಯಿಪಾಠ ಮಾಡಿಸಿದ್ದರು. ಅವರು ಸಂಸ್ಕೃತ, ಪ್ರಾಕೃತ ಬಲ್ಲ ಪಂಡಿತರು. ಮಗಳಿಗೆ ರೊಟ್ಟಿ ಬಡಿಯಲು ಬಾರದಿದ್ದರೂ ಚಿಂತೆಯಿಲ್ಲ, ಶ್ಲೋಕದ ಉಚ್ಚಾರಣೆ ಕೆಡಬಾರದು ಎಂಬ ನಿಲುವಿನವರು. ಆ ಪಾಠವನ್ನು ನಾನು ಶ್ರದ್ಧೆಯಿಂದ ನಂಬಿಕೊಂಡು ಬಂದೆ. ಐವತ್ತರ ಹೊಸ್ತಿಲು ದಾಟಿದ ಮೇಲೆ ತಿಳಿದದ್ದೇನೆಂದರೆ, ಪಾಠ ಕಲಿತದ್ದು ಆತ್ಮ ಮಾತ್ರ. ದೇಹ ಆ ತರಗತಿಗೆ ಬಂದೇ ಇರಲಿಲ್ಲ.

ಮುಟ್ಟು ನಿಲ್ಲುವ ಕಾಲದ ಸಂಕಟಗಳನ್ನು ಬರೆದು ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಯಲ್ಲಿ ಹೇಳುವ ಪದ್ಧತಿಯೂ ಇಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದದ್ದು ಹೇಳದೆ ಕೇಳದೆ ಮರೆಯಾಗಿ, ನಾನು ಅಭಿಷೇಕಕ್ಕೆ ಕಲಶ ಹಿಡಿಯಬೇಕೆಂದು ನಿಶ್ಚಯಿಸಿದ ದಿನವೇ ಹಾಜರಾಗುತ್ತದೆ. ಹೊರಗಾದಾಗ ಬಸದಿಯ ಮೆಟ್ಟಿಲು ಹತ್ತದ ಮನೆತನ ನಮ್ಮದು. ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಓರಗಿತ್ತಿಗೆ ಕೊಟ್ಟು ಹಿಂದಿರುಗಬೇಕು. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಉರಿ. ಎದೆಯಲ್ಲಿ ಯಾರೋ ಬೆಲ್ಲದ ಗಾಣದ ಒಲೆಗೆ ಬೆಂಕಿಯಿಟ್ಟಂತಾಗಿ, ಅದು ಕುತ್ತಿಗೆಗೇರಿ, ಮುಖವನ್ನೆಲ್ಲ ಕೆಂಡ ಮಾಡಿ, ಬೆವರಾಗಿ ಇಳಿದು ಹೋಗುತ್ತದೆ. ಶ್ರಾವಣದ ತಂಗಾಳಿಯಲ್ಲಿ ನಾನು ಫ್ಯಾನು ಹಾಕಿದರೆ ನಮ್ಮ ಮನೆಯವರು ಚಾದರದೊಳಗಿಂದ, “ಇದೇನ್ ಮನಿ ಐತೋ, ಹವಾ ಬೀಸೂ ಗುಡ್ಡ ಐತೋ” ಎಂದು ಕೇಳುತ್ತಾರೆ.

ಉರಿಯ ಜೊತೆಗೆ ಸಿಟ್ಟೂ ಬರುತ್ತದೆ. ಆ ಸಿಟ್ಟಿಗೆ ನಾನು ಒಂದು ಯೋಗ್ಯವಾದ ಗುರಿಯನ್ನು ಹುಡುಕಿಕೊಂಡಿದ್ದೆ: ನನ್ನ ಮೈದುನನ ಮಗಳು ಶ್ರೇಯಾಳ ಮೊಬೈಲು. ಈ ಹುಡುಗಿ ಅಥಣಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋಗುವಾಗ ಕಬ್ಬಿನ ಟ್ರ್ಯಾಕ್ಟರಿನ ರೀಲು, ಬರುವಾಗ ಕೃಷ್ಣೆಯ ಸೇತುವೆಯ ರೀಲು, ಮನೆಗೆ ಬಂದರೆ ತಟ್ಟೆಯಲ್ಲಿರುವ ಪುಂಡಿಪಲ್ಯದ ರೀಲು. ದಿನಕ್ಕೊಂದು ಗುಣವನ್ನು ನೆನೆಯುವ ನಮ್ಮ ಜೈನರ ಹತ್ತು ದಿನಗಳ ದಶಲಕ್ಷಣ ಪರ್ವದ ಮೊದಲ ದಿನ, ಅಂದರೆ ಉತ್ತಮ ಕ್ಷಮೆಯ ದಿನ, ನಾನು ಅವಳಿಗೆ ಮನದಣಿಯೆ ಬೈದೆ.

“ಮಂದಿ ಹೃದಯದ ಗುರುತು ಒತ್ತಿದ್ರ ಅಷ್ಟ ನಿನಗ ಜೀವ ಬರತೈತಿ ಏನ? ಇದಕ್ಕ ಮೋಹ ಅಂತಾರ.”

“ದೊಡ್ಡವ್ವಾ, ಇವತ್ತ ಕ್ಷಮಾ ದಿನ ಐತಿ” ಎಂದಳು ಅವಳು, ತಲೆ ಎತ್ತದೆ.

ಅಂದು ಸಂಜೆ ಆರತಿಯ ನಂತರ ಹೆಂಗಸರಿಗೆ ಕ್ಷಮೆಯ ವಿಷಯವಾಗಿ ನಾಲ್ಕು ಮಾತು ಹೇಳಲು ಬಸದಿಯಲ್ಲಿ ಕುಳಿತೆ. ಪರ್ವದ ಹತ್ತೂ ದಿನ ಅದು ನನ್ನ ಪಾಲಿನ ಸೇವೆ. ದೀಪ ಆರಬಾರದೆಂದು ಆ ಹೊತ್ತಿನಲ್ಲಿ ಅಲ್ಲಿ ಫ್ಯಾನು ಹಾಕುವುದಿಲ್ಲ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ನಿಯಮ ನನ್ನದು. ಇವೆರಡನ್ನೂ ತಿಳಿದುಕೊಂಡೇ ಇದ್ದಂತೆ ಉರಿ ಹೊರಟಿತು. ಸ್ತೋತ್ರದ ನಡುವೆ ನಿಲ್ಲಿಸುವಂತಿಲ್ಲ. ಕಣ್ಣು ಮುಚ್ಚಿದೆ. ಧ್ವನಿ ನಡುಗಿತು. ಬೆವರು ಕಣ್ಣಿಗಿಳಿದು, ಅಲ್ಲಿಂದ ಕೆನ್ನೆಗೆ ಹರಿಯಿತು. ನನ್ನ ಚಿತ್ತವು ಆಗ ಜಿನಪಾದದಲ್ಲಿರಲಿಲ್ಲ. ಮನೆಯ ಹಿತ್ತಲಲ್ಲಿ ಮರಳಿನ ಮೇಲಿಟ್ಟ ನೀರಿನ ಗಡಿಗೆಯಲ್ಲಿತ್ತು.

ಆ ದೃಶ್ಯವನ್ನು ಶ್ರೇಯಾ ಕಂಬದ ಮರೆಯಿಂದ ಹಿಡಿದಿದ್ದಳು. ದೀಪದ ಬೆಳಕಿನಲ್ಲಿ ಕೆಂಪೇರಿದ ಮುಖ, ಮುಚ್ಚಿದ ಕಣ್ಣು, ಕಣ್ಣೀರು. ಕೆಳಗೆ, “ನಮ್ಮ ದೊಡ್ಡವ್ವನ ತಪಸ್ಸಿನ ತೇಜಸ್ಸು” ಎಂಬ ಸಾಲು. ಮರುದಿನ ಬೆಳಗ್ಗೆ ಅವಳು ಕುಣಿಯುತ್ತ ಬಂದಳು. “ದೊಡ್ಡವ್ವಾ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಎಲ್ಲಾ ಗ್ರೂಪಿನ್ಯಾಗೂ ನೀನ ಓಡಾಕತ್ತೀ ನೋಡು.”

ಬೈಯಬೇಕಿತ್ತು. “ಎಲ್ಲಿ, ತೋರಸು” ಎಂದೆ. ಅಂದು ಉತ್ತಮ ಮಾರ್ದವದ ದಿನ. ಅಹಂಕಾರವನ್ನು ಬಿಡುವುದರ ಬಗ್ಗೆ ನಾನು ಮಾತನಾಡಬೇಕಿತ್ತು. ಆ ಮಾತುಗಳನ್ನು ಸಿದ್ಧಪಡಿಸಿಕೊಳ್ಳುತ್ತಲೇ ಮುಖ ನೋಡುವ ಕನ್ನಡಿಯ ಮುಂದೆ ಕಣ್ಣು ಮುಚ್ಚಿ ನಿಂತೆ. ಕಣ್ಣು ಮುಚ್ಚಿದರೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲವೆಂಬುದು ಆಮೇಲೆ ಹೊಳೆಯಿತು.

ಆ ಸಂಜೆಯಿಂದ ಜನ ಕಾಲಿಗೆ ನಮಸ್ಕರಿಸತೊಡಗಿದರು. ಹಾರೂಗೇರಿಯ ಒಬ್ಬಾಕೆ ಮದುವೆಗೆ ಬಂದ ಮಗಳನ್ನು ಕರೆತಂದು, “ಅಕ್ಕೋರ, ಯಾವ ವ್ರತಾ ಹಿಡದ್ರ ಮಾರಿ ಮ್ಯಾಲ ಹಿಂಗ ಕಳೆ ಬರತೈತ್ರಿ? ನೋಡಾಕ ಬರಾವರದಾರ” ಎಂದು ಕೇಳಿದಳು. ನಾನು ಮುಗುಳ್ನಕ್ಕೆ. ಮುಗುಳ್ನಗೆಯಲ್ಲಿ ಸುಳ್ಳಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ಮನೆಯವರು ಮಾತ್ರ ಅಂಗಳದಲ್ಲಿ ಎಲೆ ಅಡಿಕೆ ಮೆಲ್ಲುತ್ತ, “ಈ ತೇಜಸ್ಸು ದಿನಾ ನಂದೂ ಚಾದರ ಕಿತ್ತ ಒಗೀತೈತಿ ಅಂತ ಅವರಿಗ್ಯಾರು ಹೇಳಬೇಕ?” ಎಂದು ತಮ್ಮನ ಮುಂದೆ ಅಂದದ್ದು ಕೇಳಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಉಗಾರದಿಂದ ಸುವರ್ಣಾ ಎಂಬಾಕೆ ಮನೆಗೆ ಬಂದರು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ನನ್ನದೇ ವಯಸ್ಸಿನವರು. ಬೇರೆಯವರೆಲ್ಲ ಎದ್ದು ಹೋಗುವ ತನಕ ಮೂಲೆಯಲ್ಲಿ ಕುಳಿತಿದ್ದು, ಆಮೇಲೆ ಹತ್ತಿರ ಸರಿದರು.

“ಅಕ್ಕೋರ, ನನಗೂ ಹಿಂಗ ಆಗತೈತ್ರಿ. ಮೈ ಕಾಯತೈತಿ, ಮಾರಿ ಕೆಂಪಾಗತೈತಿ, ಬೆವರ ಇಳೀತೈತಿ. ನಿಮಗಾದ್ರ ತೇಜಸ್ಸು. ನಮ್ಮತ್ತಿಯವ್ರು ನನಗ, ವ್ರತದಾಗ ಏನೋ ತಪ್ಪ ಮಾಡೀದಿ, ಅದಕ್ಕ ಮೈ ಸುಡಾಕತ್ತೈತಿ ಅಂತಾರ. ಪ್ರಾಯಶ್ಚಿತ್ತ ಅಂತ ಊಟದಾಗ ಒಮ್ಮೆ ಬಿಟ್ರ ಹಗಲೂ ನೀರ ಕುಡ್ಯಾಂಗಿಲ್ರಿ. ನಾ ಏನ್ ಪಾಪ ಮಾಡೇನೋ ನೋಡಿ ಹೇಳ್ರಿ.”

ಅವರ ತುಟಿಗಳು ಒಡೆದಿದ್ದವು. ನನಗೆ ಬಂದಿದ್ದ ನಮಸ್ಕಾರಗಳೆಲ್ಲ ಒಮ್ಮೆಗೇ ಭಾರವಾದವು. ನಾನು ತೇಜಸ್ವಿನಿಯಾಗಿ ಉಳಿದರೆ ಈಕೆ ಪಾಪಿಯಾಗಿ ಉಳಿಯಬೇಕು. ಒಂದೇ ಬೆವರಿಗೆ ಎರಡು ನ್ಯಾಯ.

“ತಿಂಗಳಾ ತಿಂಗಳಾ ಸರಿಯಾಗಿ ಹೊರಗ ಆಗ್ತೀರೇನ್ರಿ?” ಎಂದು ಕೇಳಿದೆ.

“ಎಲ್ಲೀದ್ರಿ. ಯುಗಾದಿಗೆ ಆಗಿದ್ದೆ, ಮತ್ತ ಪಂಚಮಿಗೆ.”

“ನಂದೂ ಅದ ಕತಿ. ನನ್ನ ಮಾರಿ ಮ್ಯಾಲ ಕಂಡದ್ದು ತಪಸ್ಸಲ್ರಿ, ಮುಟ್ಟ ನಿಲ್ಲೂ ಉರಿ. ಸ್ತೋತ್ರ ಬಾಯಾಗಿತ್ತು, ಜೀವ ನೀರಿನ ಗಡಿಗ್ಯಾಗಿತ್ತು.”

ಅವರು ನನ್ನನ್ನೇ ನೋಡಿದರು. ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. “ಹಂಗಾರ ನಮ್ಮೂರಾಗ ಭಾಳ ಮಂದಿ ತಪಸ್ವಿನಿಯರದಾರ ಬಿಡ್ರಿ” ಎಂದರು. ನಾನು ತಂದಿಟ್ಟ ತಂಬಿಗೆಯನ್ನು ಎತ್ತಿದ್ದು ಇಳಿಸದೆ ನೀರು ಕುಡಿದರು. ಡಾಕ್ಟರರ ಹತ್ತಿರ ಒಮ್ಮೆ ತೋರಿಸಿಕೊಳ್ಳಲು ಇಬ್ಬರೂ ಕೂಡಿಯೇ ಹೋಗೋಣವೆಂದು ಮಾತಾಯಿತು.

ಮರುದಿನ ಉತ್ತಮ ಸತ್ಯದ ದಿನ. ದೀಪ ಹಚ್ಚುವ ಮೊದಲೇ, ಹಗಲಿನಲ್ಲಿ, ಬಸದಿಯ ಪಡಸಾಲೆಯಲ್ಲಿ ಫ್ಯಾನು ಹಾಕಿ ಹೆಂಗಸರನ್ನು ಕೂಡಿಸಿದೆ. ಶ್ರೇಯಾಳಿಗೆ ಮೊಬೈಲು ಹಿಡಿಯಲು ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇದು ತೇಜಸ್ಸಲ್ಲ, ಪಾಪವೂ ಅಲ್ಲ, ವಯಸ್ಸು, ಹಗಲು ಹೊಟ್ಟೆ ತುಂಬ ನೀರು ಕುಡಿಯಿರಿ, ಮೈ ಸುಡುವ ಸೊಸೆಯನ್ನು ಬೈಯಬೇಡಿ. ಮುಂದೆ ಕುಳಿತಿದ್ದ ಸೋನಾಬಾಯಿ ಅಜ್ಜಿ ಪಕ್ಕದವಳಿಗೆ, “ಇಷ್ಟ ತೇಜಸ್ಸು ಇದ್ರೂ ಎಷ್ಟ ತಗ್ಗಿ ಮಾತಾಡ್ತಾಳ ನೋಡವಾ” ಎಂದರು. ಹಿಂದಿನ ಸಾಲಿನ ನಡುವಯಸ್ಸಿನವರು ಮಾತ್ರ ಒಬ್ಬೊಬ್ಬರಾಗಿ ಫ್ಯಾನಿನ ಕೆಳಗೆ ಸರಿದು ಬಂದರು.

“ದೊಡ್ಡವ್ವಾ, ಇದನ್ನ ಖರೇನ ಹಾಕ್ಲಿ? ಕಾಲೇಜಿನ ಹುಡುಗೂರೆಲ್ಲಾ ನೋಡ್ತಾರ” ಎಂದಳು ಶ್ರೇಯಾ. ಜೀವನದಲ್ಲಿ ಮೊದಲ ಬಾರಿಗೆ ಆ ಹುಡುಗಿ ಮೊಬೈಲು ಹಿಡಿದು ಹಿಂಜರಿದದ್ದನ್ನು ಕಂಡೆ.

“ಹಾಕು” ಎಂದೆ.

ಹಾಕಿದಳು. ಹೃದಯದ ಗುರುತುಗಳು ಬೀಳಲಿಲ್ಲ. ಬಿದ್ದವೆಂದರೆ, ಶ್ರೇಯಾಳದೊಂದು, ಅವಳ ಗೆಳತಿಯದೊಂದು. ಸುವರ್ಣಾ ಅವರು ಫೋನು ಮಾಡಿ ವಿಷಯ ಬಿಡಿಸಿ ಹೇಳಿದರು: “ನೋಡಾಕತ್ತಾರ್ರಿ ಅಕ್ಕೋರ, ಕಾಗವಾಡ ಮಂಗಸೂಳಿ ತನಕಾ ಹೋಗೈತಿ. ಆದ್ರ ಮನ್ಯಾಗ ಫೋನ್ ಮಗನ ಕೈಯಾಗ ಇರತೈತಲ್ರಿ. ಒತ್ತಂಗಿಲ್ಲ. ನೋಡ್ತಾರ, ಅಕ್ಕತಂಗೇರಿಗೆ ಕಳಸ್ತಾರ, ಅಳಸ್ತಾರ. ನಮ್ಮತ್ತಿಯವ್ರೂ ನೋಡ್ಯಾರ. ಈಗ ನಾ ಬೆವತ್ರ ಅವರ ಬೀಸಣಿಗಿ ತರ್ತಾರ.”

ಧರ್ಮದ ದೃಷ್ಟಿಯಿಂದ ಇದಕ್ಕಿಂತ ಹೆಚ್ಚಿನ ಫಲ ಬೇಕಿರಲಿಲ್ಲ. ಆದರೂ ಶ್ರೇಯಾ ಕಾಲೇಜಿನಿಂದ ಬಂದ ಕೂಡಲೇ, ಅವಳು ಚಪ್ಪಲಿ ಬಿಡುವುದಕ್ಕೂ ಮೊದಲೇ, “ಗುರುತು ಏರ್ಯಾವೇನ?” ಎಂದು ಕೇಳುವುದು ನನಗೆ ರೂಢಿಯಾಯಿತು. ಸುಳ್ಳಿನ ವಿಡಿಯೋ ಇನ್ನೂ ಓಡುತ್ತಿದೆ, ಸತ್ಯದ್ದು ಕುಳಿತಲ್ಲೇ ಕುಳಿತಿದೆ ಎಂಬುದು ಧರ್ಮಪ್ರಭಾವನೆಗೆ, ಅಂದರೆ ಧರ್ಮದ ಪ್ರಚಾರಕ್ಕೆ, ಆದ ಕೊರತೆಯೆಂದು ನಾನು ಅವಳಿಗೆ ವಿವರಿಸಿದೆ.

“ಬೆಳಕ ಸರಿ ಇರಲಿಲ್ಲ ಬೇ” ಎಂದಳು. “ಅದನ್ನ ದೀಪದ ಮುಂದ ಕುಂತ ಹೇಳಿದ್ರ ನಡೀತಿತ್ತು. ಖರೇ ಬೆವರ ಬರೂಮುಂದ ಹೇಳಿದ್ರಂತೂ...”

ಹುಡುಗಿಗೆ ಬುದ್ಧಿಯಿದೆ ಎಂದು ಅಂದು ನನಗೆ ಮನವರಿಕೆಯಾಯಿತು. ಆ ಸಂಜೆ ಬಸದಿಯ ಆರತಿ ಮುಗಿದು ಎಲ್ಲರೂ ಹೋದ ಮೇಲೆ ಮನೆಗೆ ಬಂದು, ಹೊಸ ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು, ಮನೆಯ ದೇವರ ಕೋಣೆಯಲ್ಲಿ ದೀಪದ ಮುಂದೆ ಕುಳಿತೆ. ಅಂದು, ನನ್ನದೆಂಬುದು ಏನೂ ಇಲ್ಲವೆಂದು ಸಾರುವ ಆಕಿಂಚನ್ಯದ ದಿನ. ಶ್ರೇಯಾ ಎದುರಿಗೆ ಮೊಬೈಲು ಹಿಡಿದು ಕುಳಿತಳು.

“ಬಂತೇನ ದೊಡ್ಡವ್ವಾ?”

“ತಡಿ, ಇನ್ನೂ ಇಲ್ಲ.”

ಕಣ್ಣು ಮುಚ್ಚಿದೆ, ತೆರೆದೆ. ಸಿಟ್ಟು ಬಂದರೆ ಉರಿಯೂ ಬರಬಹುದೆಂದು ಸಿಟ್ಟಾಗಲು ನೋಡಿದೆ. ಶ್ರೇಯಾ ಆಕಳಿಸಿದಳು. ದೀಪದಲ್ಲಿ ಎಣ್ಣೆ ಮುಗಿಯುತ್ತ ಬಂತು. ನನ್ನ ದೇಹ ಮಾತ್ರ, ಎಲ್ಲ ಆಸೆಗಳನ್ನೂ ಗೆದ್ದ ವೀತರಾಗಿಯಂತೆ, ತಣ್ಣಗೆ ಕುಳಿತಿತ್ತು.