ಎರೆಹೊಲದಲ್ಲಿ ಕಮಾಂಡೋ ಬೂಟು

ಬೇಕಾದದ್ದನ್ನು ಕೊಳ್ಳುವವರು ಬೇರೆ, ಕೊಂಡಮೇಲೆ ಅದು ಯಾಕೆ ಬೇಕಿತ್ತೆಂದು ಕಾರಣ ಹುಡುಕುವವರು ಬೇರೆ. ನಾನು ಎರಡನೆಯವರ ಪೈಕಿ. ಯಲಬುರ್ಗಾ ತಾಲ್ಲೂಕಿನಲ್ಲಿ ಸರ್ವೆಯರ್ ಆಗಿ ಇಪ್ಪತ್ತಾರು ವರ್ಷ ಹೊಲ ಅಳೆದದ್ದೆಲ್ಲ ಚಪ್ಪಲಿಯಲ್ಲೇ. ಮುಳ್ಳು ಚುಚ್ಚಿದರೆ ಕಿತ್ತುಕೊಂಡು, ಕೆಸರಾದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದಿದ್ದೇನೆ. ಹೋದ ಶ್ರಾವಣದಲ್ಲಿ ಮೊಬೈಲಿನೊಳಗೆ ಒಬ್ಬ ದಪ್ಪ ಮೀಸೆಯವನು ಕರೀ ಬೂಟು ಹಾಕಿಕೊಂಡು ಬಂಡೆ ಹತ್ತಿದ, ಹಳ್ಳ ದಾಟಿದ, ಬೆಂಕಿಯ ಮೇಲೆ ಜಿಗಿದ. ಕೆಳಗೆ ‘ಗಡಿ ಕಾಯುವವರ ಕಮಾಂಡೋ ಬೂಟು’ ಎಂದು ಬರೆದಿತ್ತು. ನಾನು ಗಡಿ ಕಾಯದಿದ್ದರೂ ದಿನಾ ಗಡಿ ಗುರುತಿಸುವವನೇ ಅಲ್ಲವೇ ಎಂದುಕೊಂಡು ತರಿಸಿಬಿಟ್ಟೆ.

ಬೂಟು ಬಂದ ದಿನ ನನ್ನ ಹೆಂಡತಿ ಶಾಂತಾ ಒಂದನ್ನು ಕೈಯಲ್ಲಿ ತೂಗಿ ನೋಡಿ, “ಯಾವ ಊರ ಮ್ಯಾಲೆ ದಂಡೆತ್ತಿ ಹೊಂಟೀರಿ?” ಎಂದಳು. ನಾನು ಹೊಟ್ಟೆ ಅದುಮಿಕೊಂಡು ಬಗ್ಗಿ ಇನ್ನೊಂದರ ಲೇಸು ಕಟ್ಟುತ್ತಿದ್ದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಏದುಸಿರು ಬಿಡಬೇಕಾಯಿತು.

ಮರುದಿನವೇ ಬಸಪ್ಪ, ಫಕೀರಪ್ಪ ಎಂಬ ಅಣ್ಣತಮ್ಮಂದಿರ ಹೊಲದ ಅಳತೆಯಿತ್ತು. ನಡುವಿನ ಬದು ಯಾರದೆಂಬ ಜಗಳದಲ್ಲಿ ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬನಿಗೆ ಏನಾದರೂ ಹೇಳಬೇಕಾದರೆ ಇನ್ನೊಬ್ಬ ನನ್ನ ಮುಖ ನೋಡಿ ಹೇಳುತ್ತಿದ್ದ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಬೆಣ್ಣೆಯಂತಾಗಿತ್ತು. ನಾನು ಬೂಟಿನ ಧೈರ್ಯದ ಮೇಲೆ ಹೊಲದ ನಡುವೆ ನಿಂತು, “ನಾ ಕಲ್ಲು ಹಾಕಿದಲ್ಲಿ ಗಡಿ. ಆಮ್ಯಾಲೆ ತಕರಾರು ನಡಿಯಂಗಿಲ್ಲ” ಎಂದು ಗಟ್ಟಿ ದನಿಯಲ್ಲಿ ಹೇಳಿ ಕಾಲೆತ್ತಿದೆ. ಕಾಲು ಬಂತು, ಬೂಟೂ ಬಂತು, ತಳ ಮಾತ್ರ ಮಣ್ಣಿನಲ್ಲೇ ಉಳಿಯಿತು. ಫಕೀರಪ್ಪ ಬಹಳ ವಿನಯದಿಂದ, “ಸಾಹೇಬ್ರ, ಬೆರಳು ಹೊರಗ ಬಂದಾವ್ರಿ” ಎಂದ. ಹರಿದ ಕಾಲುಚೀಲದವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅಳತೆ ನಾಳೆಗೆ ಹಾಕಿ, ಕುಂಟುತ್ತ ಬೈಕಿನ ಹತ್ತಿರ ಬಂದೆ.

ಸಂಜೆ ಕಂಪನಿಗೆ ಫೋನು ಹಚ್ಚಿದೆ. ಅರ್ಧ ತಾಸು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ನನ್ನ ಹಿಂದಿ ಗಂಗಾವತಿ ಸಂತೆಯದು. ರೇಟು ಇಳಿಸಲು ಸಾಕು, ದೂರು ಹೇಳಲು ಸಾಲದು. ಅವಳಿಗೆ ಬೂಟು ಮತ್ತು ತಳ ಎರಡೂ ಒಟ್ಟಿಗಿರುವ ಫೋಟೋ ಬೇಕಂತೆ.

ಮರುದಿನ ಚಪ್ಪಲಿಯಲ್ಲಿ ಹೋಗಿ, ಅಳತೆಗಿಂತ ಮೊದಲು ತಳ ಹುಡುಕಿಸಬೇಕಾಯಿತು. ಅಣ್ಣತಮ್ಮಂದಿರು ಆಚೆಗೊಬ್ಬ ಈಚೆಗೊಬ್ಬ ಸಲಿಕೆ ಹಿಡಿದು ಕೆದಕಿದರು. ಕಡೆಗೆ ಫಕೀರಪ್ಪ ಅದನ್ನು ಎತ್ತಿ ಹಿಡಿದು ನನಗೆ ಹೇಳಿದ, “ನನ್ನ ಕಡೀಗೆ ಸಿಕ್ಕೈತಿ ನೋಡ್ರಿ.”

ಬಸಪ್ಪ ಸಲಿಕೆ ಊರಿ ನಿಂತ. “ಅಳತಿ ಮುಗಿಯೂತನಕ ಅದು ನಿನ್ನ ಕಡಿ ಹ್ಯಾಂಗ ಆಕ್ಕೈತೋ ತಮ್ಮಾ?”

ನನ್ನ ಮುಖ ನೋಡದೆ, ನೇರ ತಮ್ಮನಿಗೇ ಹೇಳಿದ್ದ. ಹೇಳಿದ ಮೇಲೆ ಅವನಿಗೂ ಅದು ಗೊತ್ತಾಯಿತು. ಫಕೀರಪ್ಪ ತಳವನ್ನು ತಿರುಗಿಸಿ ತಿರುಗಿಸಿ ನೋಡಿ, “ಇರ್ಲಿ ತಗೋ ಅಣ್ಣಾ, ಇದಕ್ಕೂ ಕೇಸು ಹಾಕೂದು ಬ್ಯಾಡ” ಎಂದ. ಮೊದಲು ಅಣ್ಣ ನಕ್ಕ, ಆಮೇಲೆ ತಮ್ಮ. ನಾನು ಬೇಗ ಬೇಗ ಅಳೆದು ಕಲ್ಲು ಹಾಕಿಸಿದೆ. ಇಬ್ಬರೂ ತಕರಾರಿಲ್ಲದೆ ಸಹಿ ಮಾಡಿದರು.

ಕಂಪನಿ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಫೋಟೋ ನೋಡಿ, ಬೂಟನ್ನು ಕೆಸರಿನಲ್ಲಿ ಬಳಸಿರುವುದರಿಂದ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದರು. ಹಾಗಾದರೆ ಎಲ್ಲಿ ಬಳಸಬೇಕು ಎಂದು ಕೇಳಿದೆ. ‘ಒಣಗಿದ, ಸಮತಟ್ಟಾದ ನೆಲದ ಮೇಲೆ’ ಎಂದು ಉತ್ತರ ಬಂತು. ಅಂಥ ನೆಲ ನಮ್ಮ ಮನೆಯ ಪಡಸಾಲೆಯೊಂದೇ; ಅಲ್ಲಿ ಶಾಂತಾ ಬೂಟು ಹಾಕಗೊಡುವುದಿಲ್ಲ. ಮತ್ತೂ ಹದಿನೈದು ದಿನ ಕಾಡಿದ ಮೇಲೆ, ದುಡ್ಡಿನ ಬದಲು ಅವರ ಅಂಗಡಿಯಲ್ಲೇ ಖರ್ಚು ಮಾಡುವಂಥ ಅರ್ಧ ಬೆಲೆಯ ಕೂಪನ್ ಕಳಿಸಿದರು.

ಕಂಪನಿಯವರು ಸೋತರು ಎಂದಷ್ಟೇ ಶಾಂತಾಗೆ ಹೇಳಿದ್ದೇನೆ. ಕೂಪನ್ನಿಗೆ ಮೇಲಷ್ಟು ದುಡ್ಡು ಹಾಕಿ ಹನ್ನೆರಡು ಜೇಬಿನ ಕಮಾಂಡೋ ಪ್ಯಾಂಟು ತರಿಸಿದ್ದು ಆಫೀಸಿನ ವಿಳಾಸಕ್ಕೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಕ್ಷೆಗಳ ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ಸೊಂಟದ ಹತ್ತಿರ ನಾಲ್ಕು ಬೆರಳು ಸಾಲಲಿಲ್ಲ. ವೃತ್ತಿಯಿಂದ ಸರ್ವೆಯರ್, ಅಳತೆ ನಾನೇ ಕೊಟ್ಟದ್ದು.