ನನ್ನನ್ನು ಮೌನದ ತಾಯಿಯಾಗಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕ ಬಾಂಗ್ ಇನ್-ಸೊಕ್ ಅವರೇ,

ಮೊಕ್ಪೊ ಬಂದರಿನ ಹಿಂದಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ, ಸುರುಳಿ ಹಾಕುವ ಅಂಗಡಿ ಇಟ್ಟುಕೊಂಡಿರುವ, ಬಾಣಸಿಗ ಗ್ವಾಕ್ ತೆ-ಗ್ಯೊಂಗನ ತಾಯಿಯೂ ಆದ ಪ್ಯೊ ಮಾಲ್-ಸುನ್ ತಮಗೆ ತಲೆಬಾಗಿ ಬರೆದುಕೊಳ್ಳುವುದೇನೆಂದರೆ, ನನ್ನ ಮಗ ವಿಯೆನ್ನಾದ ಅಂತರರಾಷ್ಟ್ರೀಯ ಅಡುಗೆ ಸ್ಪರ್ಧೆಗೆ ಹೋಗಿಬಂದದ್ದರ ಕುರಿತು ತಾವು ತೆಗೆದ ಸಾಕ್ಷ್ಯಚಿತ್ರವನ್ನು ನಮ್ಮ ಬೀದಿಯವರೆಲ್ಲ ನನ್ನ ಅಂಗಡಿಯ ಟೀವಿಯಲ್ಲೇ ಕೂತು ನೋಡಿದೆವು. ಚಿತ್ರ ಬಹಳ ಸೊಗಸಾಗಿದೆ. ಅದರಲ್ಲಿ ಬರುವ ತಾಯಿಯಂತೂ ಅಪರೂಪದ ಹೆಂಗಸು. ಅವಳನ್ನು ಒಮ್ಮೆ ಭೇಟಿಯಾಗಬೇಕೆಂದು ನನಗೂ ಆಸೆಯಾಯಿತು.

ಆಕೆ ಚಳಿಗಾಲದಲ್ಲಿ ಬುಟ್ಟಿ ಹಿಡಿದು ಕಡಲ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಾಳೆ, ದಿಗಂತ ನೋಡುತ್ತಾಳೆ, ಒಂದು ಮಾತೂ ಆಡುವುದಿಲ್ಲ. ನಾನು ಹುಟ್ಟಿದ ಮೇಲೆ ಆ ಕೆಸರಿಗೆ ಮೊದಲ ಸಲ ಕಾಲಿಟ್ಟದ್ದು ತಮ್ಮ ಕೃಪೆಯಿಂದ, ಅದೂ ತಮ್ಮ ತಂಡದ ಹುಡುಗಿ ಎಲ್ಲಿಂದಲೋ ತಂದ ಬುಟ್ಟಿಯೊಂದಿಗೆ. "ಸುಮ್ನೆ ದೂರ ನೋಡ್ತಾ ಇರಿ ಅಮ್ಮನೋರೇ, ಏನೂ ಯೋಚ್ನೆ ಮಾಡ್ಬೇಡಿ" ಎಂದು ತಾವು ಕೂಗಿದಿರಿ. ನಾನು ಅಂಗಡಿಯಲ್ಲಿ ನೀರು ಕಾಯಿಸುವ ಯಂತ್ರ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಆ ಮುಖದ ಮೇಲೆ ತಾವು ಪಿಟೀಲು ನುಡಿಸಿ, ಇದು ಮಗನ ದಾರಿ ಕಾಯುವ ಮುಖ ಎಂದು ಹೇಳಿಸಿದ್ದೀರಿ. ಇಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಮಗನ ಕೈರುಚಿ ತಾಯಿಯಿಂದ ಬಂದದ್ದು ಎಂದೂ ಚಿತ್ರ ಹೇಳುತ್ತದೆ. ತಮ್ಮ ಕ್ಯಾಮೆರಾದ ಮುಂದೆ ನಾನು ಮತ್ತೆ ಮತ್ತೆ ಹೇಳಿದ್ದೆ: ಅವನು ಚಿಕ್ಕವನಿದ್ದಾಗ ಒಂದು ಸಂಜೆ ನಾನು ಮಾಡಿದ ಸೋಯಾ ಸಾರನ್ನು ಬಾಯಿಗಿಟ್ಟು, ಚಮಚ ಮೆಲ್ಲಗೆ ಕೆಳಗಿಟ್ಟು, "ಅಮ್ಮ, ನಾಳೆಯಿಂದ ನಾನೇ ಮಾಡ್ಲಾ?" ಎಂದು ಕೇಳಿದ. ಅವನು ಬಾಣಸಿಗನಾದದ್ದು ಹಾಗೆ. ನನ್ನ ಅಡುಗೆಯಿಂದ ಪಾರಾಗಲು ಮಗು ಹಿಡಿದ ದಾರಿ ಅದು. ಆ ಮಾತುಗಳನ್ನೆಲ್ಲ ಕತ್ತರಿಸಿದಿರಿ. ಪರಿಣಾಮವಾಗಿ ಈಗ ದೂರದೂರಿನವರು ಅಂಗಡಿಗೆ ಬಂದು ಚಿಪ್ಪಿನ ನೂಡಲ್ಸ್ ಕೇಳುತ್ತಾರೆ. ಕಳೆದ ವಾರ ದೇಗುವಿನಿಂದ ಬಂದ ಜೋಡಿಯೊಂದಕ್ಕೆ, ಇದು ಕೂದಲಿನ ಅಂಗಡಿಯಪ್ಪ, ನನಗೆ ಅಡುಗೆ ಬಾರದು ಎಂದೆ. ಹುಡುಗಿ ಕಣ್ಣು ತುಂಬಿಕೊಂಡು ಗಂಡನಿಗೆ, "ನೋಡ್ರೀ, ಸಿನಿಮಾದಲ್ಲಿ ಇದ್ದ ಹಾಗೇ ಎಷ್ಟು ವಿನಯ" ಎಂದಳು. ಆದುದರಿಂದ ತಾವು ದಯಮಾಡಿ ಒಬ್ಬ ಅಡುಗೆಯವರನ್ನು ನನ್ನ ಅಂಗಡಿಗೆ ಖಾಯಂ ಕಳಿಸಿಕೊಡಬೇಕು, ಇಲ್ಲವೇ ಕೂದಲು ಒಣಗಿಸುವ ಯಂತ್ರದಲ್ಲಿ ಸಾರು ಕುದಿಸುವ ವಿದ್ಯೆಯನ್ನು ನನಗೆ ಕಲಿಸಿಕೊಡಬೇಕು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಸ್ಪರ್ಧೆಯ ಕೊನೆಯ ಗಳಿಗೆಯಲ್ಲಿ ತೆ-ಗ್ಯೊಂಗನಿಗೆ ತಾಯಿಯ ನೆನಪು ಉಕ್ಕಿ ಬಂದು, ಕೈ ನಡುಗಿ, ತಟ್ಟೆ ತೀರ್ಪುಗಾರರ ಮುಂದೆ ತಡವಾಗಿ ಹೋಯಿತು, ಅಂಕ ಕಡಿಮೆಯಾಗಿ ಸೋತ ಎಂದು ತಾವು ತೋರಿಸಿದ್ದೀರಿ. ಅಂದಿನಿಂದ ಮೀನಂಗಡಿಯ ಒಕ್-ಜಾ ನನ್ನನ್ನು ಕಂಡಾಗಲೆಲ್ಲ, "ನಿನ್ನಿಂದ್ಲೇ ಸೋತ ನೋಡು ಪಾಪ, ನೆನಪಾಗದ ಹಾಗೆ ಸಾಕ್ಬೇಕಿತ್ತು" ಎನ್ನುತ್ತಾಳೆ. ನಾನೂ ನಂಬಿದೆ, ಮಾನ್ಯರೇ. ಕೆಲವು ದಿನ ಊಟ ಸೇರಲಿಲ್ಲ.

ಆಮೇಲೆ ಚುಸೊಕ್ ಹಬ್ಬಕ್ಕೆ ಮಗ ಊರಿಗೆ ಬಂದ. ಅಂಗಡಿಯಲ್ಲಿ ಕೂತಿದ್ದಾಗ ಅವನಿಗೆ ಪೋರ್ಚುಗಲ್ಲಿನಿಂದ ಇಲ್ಡಾ ಎಂಬ ಹುಡುಗಿಯ ವಿಡಿಯೊ ಕರೆ ಬಂತು. ಸ್ಪರ್ಧೆಯಲ್ಲಿ ಇವನ ಪಕ್ಕದಲ್ಲೇ ನಿಂತು ಅಡುಗೆ ಮಾಡಿದವಳು. ನನ್ನನ್ನು ಕಂಡೊಡನೆ ಅವಳು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಕಣ್ಣೊರೆಸಿಕೊಂಡಳು. ಏನಂತೋ ಎಂದು ಕೇಳಿದೆ. "ಏನಿಲ್ಲಮ್ಮ, ಅಲ್ಲಿ ಮಳೆಯಂತೆ" ಎಂದ. ಆಗ ತಲೆ ತುಂಬ ಸುರುಳಿ ಕಟ್ಟಿಸಿಕೊಂಡು ಕೂತಿದ್ದ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹ್ವಾಂಗ್ ಟೀಚರ್ ತಿರುಗಿ, "ಮಳೆಯೂ ಇಲ್ಲ ಮಣ್ಣೂ ಇಲ್ಲ. ಆ ಹುಡುಗಿಯ ಒಲೆ ಕೆಟ್ಟುಹೋಗಿತ್ತಂತೆ. ನಿಮ್ಮ ಮಗ ತನ್ನ ಪಾತ್ರೆ ಕೆಳಗಿಳಿಸಿ ಒಲೆ ಅವಳಿಗೆ ಬಿಟ್ಟುಕೊಟ್ಟನಂತೆ. ಅದಕ್ಕೇ ಇವನದು ತಡ ಆಯ್ತಂತೆ" ಎಂದರು.

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಯಾಕೋ ನನಗೆ ಹೇಳಲಿಲ್ಲ ಎಂದು ಕೇಳಿದೆ. "ಸೋತೋನು ಕಾರಣ ಹೇಳ್ಕೊಂಡು ತಿರುಗಿದ್ರೆ ಚೆನ್ನಾಗಿರಲ್ಲಮ್ಮ" ಎಂದ. "ಅಲ್ದೆ, ಸಿನಿಮಾದ ಅಮ್ಮ ನಂಗೂ ಹಿಡಿಸಿದ್ಲು. ಮಾತೇ ಆಡಲ್ಲ" ಎಂದು ನಕ್ಕ. ಹಿಡಿದಿದ್ದ ಬಾಚಣಿಗೆಯಿಂದಲೇ ಅವನ ತಲೆಗೆ ಒಂದು ಕೊಟ್ಟೆ. ಆಮೇಲೆ ಒಳಗೆ ಹೋಗಿ ಅತ್ತೆ. ಅಲ್ಲಿ ಕ್ಯಾಮೆರಾ ಇರಲಿಲ್ಲವೆಂಬುದು ತಮಗಾದ ನಷ್ಟ.

ಮಗ ಒಲೆ ಬಿಟ್ಟುಕೊಟ್ಟ ದೃಶ್ಯ ತಮ್ಮ ಕ್ಯಾಮೆರಾದಲ್ಲಿ ಸೆರೆಯಾಗಿತ್ತೇ ಎಂದು ನಾನು ಫೋನಿನಲ್ಲಿ ಕೇಳಿದಾಗ ತಾವು ಪ್ರಾಮಾಣಿಕವಾಗಿಯೇ ಉತ್ತರಿಸಿದಿರಿ: "ಇತ್ತು ಅಮ್ಮನೋರೇ, ಆದ್ರೆ ಕಥೆಗೆ ಹೊಂದಲಿಲ್ಲ." ನನ್ನ ಮಗ ಕಥೆಗೆ ಹೊಂದದಷ್ಟು ಒಳ್ಳೆಯವನು ಎಂಬ ಪ್ರಮಾಣಪತ್ರ ತಮ್ಮಂಥ ದೊಡ್ಡವರಿಂದ ಸಿಕ್ಕಿದ್ದಕ್ಕೆ ಋಣಿಯಾಗಿದ್ದೇನೆ. ಆದರೂ ಆ ಒಲೆಯ ದೃಶ್ಯವನ್ನು ಚಿತ್ರಕ್ಕೆ ಮರಳಿ ಸೇರಿಸಬೇಕೆಂದೂ, ಅದಕ್ಕೆ ಜಾಗ ಸಾಲದಿದ್ದರೆ ಕೆಸರಿನಲ್ಲಿ ನಿಂತ ಆ ಹೆಂಗಸನ್ನು ಸಂಕೋಚವಿಲ್ಲದೆ ತೆಗೆದುಹಾಕಬೇಕೆಂದೂ ಬೇಡಿಕೊಳ್ಳುತ್ತೇನೆ. ಆಕೆಯ ಪರವಾಗಿ ಒಪ್ಪಿಗೆ ಕೊಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ತಮ್ಮ ಪ್ರತಿಭೆಗೆ ಬೆರಗಾಗಿಯೇ ಉಳಿದಿರುವ
ತಮ್ಮ ವಿಶ್ವಾಸಿ,
ಪ್ಯೊ ಮಾಲ್-ಸುನ್

ಮರೆತ ಮಾತು: ನಿನ್ನೆ ತಮ್ಮ ತಾಯಿಯವರು ಗ್ವಾಂಗ್ಜುವಿನಿಂದ ಬಸ್ಸು ಹಿಡಿದು ನನ್ನನ್ನು ನೋಡಲು ಬಂದಿದ್ದರು. ಮಧ್ಯಾಹ್ನವೆಲ್ಲ ಕೂತು ತಮ್ಮ ಬಗ್ಗೆಯೇ ಮಾತಾಡಿದರು. ಇಷ್ಟು ಹೊತ್ತು ಯಾರಾದರೂ ತನ್ನ ಮಾತು ಕೇಳಿ ಎಷ್ಟು ದಿನವಾಯಿತೋ ಎಂದೂ ಹೇಳಿದರು. ನಾನು ಅವರ ಕೂದಲನ್ನು ಮಾತ್ರ ಕತ್ತರಿಸಿದೆ.