ಅವ್ವ ಆರಿಸಿದ ಕಂಪ್ಯೂಟರು

ಪ್ರವಾಸಿಗರ ಗುಂಪು ಕಟ್ಟಿಕೊಂಡು ದೇಶದೇಶ ತಿರುಗುವುದು ನನ್ನ ಕೆಲಸ. ನಗುವಂಥ ಪ್ರಸಂಗಗಳು ನನಗೆ ದಾರಿಯಲ್ಲಿ ಸಿಗಬೇಕು. ಆದರೆ ಅವೆಲ್ಲ ಬನಹಟ್ಟಿಯ ನಮ್ಮ ಮನೆಯಲ್ಲೇ ಆಗುತ್ತವೆ, ಅದೂ ನಾನು ಅಲ್ಲಿ ಇಲ್ಲದಾಗ.

ತಿಂಗಳುಗಟ್ಟಲೆ ಅವ್ವನ ಮುಖ ಕಾಣದೆ ಇರುವುದು ಈಚೆಗೆ ಕಷ್ಟವಾಗತೊಡಗಿತ್ತು. ಫೋನಿನಲ್ಲಿ ನೋಡೋಣವೆಂದರೆ, "ಜ್ವಾಳದ ಕಾಳಿನಷ್ಟ ಕಾಣತಿ, ನೀನೋ ಮತ್ಯಾರೋ ಗೊತ್ತಾಗೂದಿಲ್ಲ" ಅನ್ನುತ್ತಾಳೆ. ಅದಕ್ಕೇ ಒಂದು ಸುಲಭದ ಕಂಪ್ಯೂಟರ್ ಕೊಡಿಸೋಣವೆಂದುಕೊಂಡೆ.

೧. ಹಗುರಾದದ್ದು

ರಜೆಗೆ ಬಂದಾಗ ಅವಳನ್ನು ಜಮಖಂಡಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಲ್ಯಾಪ್‌ಟಾಪ್ ಎದುರಿಗಿಟ್ಟ. ಅವ್ವ ಅದರ ಬೆನ್ನಿಗೆ ಟಕಟಕ ಬಡಿದು ಕಿವಿಗೊಟ್ಟು ಕೇಳಿದಳು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗಲೂ ಅವಳದು ಇದೇ ಪರೀಕ್ಷೆ.

"ಭಾಳ ಹಗರ ಐತ್ರೀ ಅಮ್ಮಾರ. ಚೀಲದಾಗ ಹಾಕ್ಕೊಂಡು ಎಲ್ಲಿ ಬೇಕಾದಲ್ಲಿ ಅಡ್ಯಾಡಬಹುದು" ಅಂದ.

"ಹಂಗಾರ ಬ್ಯಾಡೋ ತಮ್ಮಾ," ಅವ್ವ ಅದನ್ನು ಹಿಂದಕ್ಕೆ ಸರಿಸಿದಳು. "ಚೀಲಾ ಹಾಕ್ಕೊಂಡು ಎಲ್ಲಿ ಬೇಕಾದಲ್ಲಿ ಅಡ್ಯಾಡೋದು ನಮ್ಮ ಮನ್ಯಾಗ ಆಗಲೇ ಒಂದ ಐತಿ. ಕುಂತಲ್ಲೇ ಕುಂದ್ರೋದಿದ್ರ ತೋರಸು."

೨. ನಾಳೆ ಬಾ

ಕುಂತಲ್ಲೇ ಕುಂದ್ರೋದು ಸಿಕ್ಕಿತು. ಅಂಗೈ ಅಗಲದ ಡಬ್ಬಿ, ಟಿ.ವಿ.ಗೆ ಜೋಡಿಸುವಂಥದ್ದು. ಟಿ.ವಿ. ಮೇಲೊಂದು ಪುಟ್ಟ ಕ್ಯಾಮೆರಾ. ಅವ್ವನ ಜೊತೆಗಿರುವ ನನ್ನ ತಮ್ಮ ಎಲ್ಲ ಜೋಡಿಸಿದ. ರಜೆ ಮುಗಿದು ಹೊರಟ ನಾನು ವಿಮಾನ ಇಳಿದವಳೇ ಕರೆ ಮಾಡಿದರೆ ಪರದೆಯಲ್ಲಿ ಅವ್ವ ಇಲ್ಲ, ಬರೀ ಕೆಂಪು ಮೋಡ.

"ಕ್ಯಾಮೆರಾ ಕೆಟ್ಟೈತೇನೋ?" ಅಂತ ತಮ್ಮನನ್ನು ಕೇಳಿದೆ.

"ಕೆಟ್ಟಿಲ್ಲಕ್ಕಾ. ಅವ್ವ ಪೂಜಿ ಮಾಡ್ಯಾಳ. ಕುಂಕುಮಾ ಸೀದಾ ಕ್ಯಾಮೆರಾದ ಕಣ್ಣಿಗೇ ಹಚ್ಚ್ಯಾಳ."

"ಇರೋದ ಒಂದ ಕಣ್ಣು. ಅದರ ಹಣಿ ಎಲ್ಲೈತಿ ಅಂತ ನನಗೇನ ಗೊತ್ತು?" ಮೋಡದೊಳಗಿಂದ ಅವ್ವನ ದನಿ.

"ಒರಸವ್ವಾ, ನಿನ್ನ ನೋಡಬೇಕು."

"ಶುಕ್ರವಾರ ಹಚ್ಚಿದ ಕುಂಕುಮಾ ಶುಕ್ರವಾರನ ಒರಸಂತಿ? ಬುದ್ಧಿ ಐತಿಲ್ಲ? ನಾಳೆ ಬಾ."

ಎಷ್ಟೋ ದೇಶದ ಗಡಿಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದಾರೆ. ಕುಂಕುಮ ಅಡ್ಡ ಹಿಡಿದು ನಿಲ್ಲಿಸಿದವಳು ಅವ್ವ ಒಬ್ಬಳೇ.

೩. ಕೆಂಪು ಗುಂಡಿ

ಮರುದಿನದಿಂದ ಅವಳ ಮುಖ ಕಂಡಿತು. ಡಬ್ಬಿ ಚಾಲೂ ಮಾಡುವುದು, ಮೌಸ್ ಸರಿಸುವುದು ಎಲ್ಲ ಬೇಗ ಕಲಿತಳು. ಮಾತು ಮುಗಿದ ಮೇಲೆ ಕೆಂಪು ಗುಂಡಿ ಒತ್ತುವುದನ್ನು ಮಾತ್ರ ಒಪ್ಪಲಿಲ್ಲ.

"ಮಗಳು ಹೊಸ್ತಿಲದಾಗ ನಿಂತಾಗ ನಾ ಬಾಗಲಾ ಹಾಕ್ಲೇನು? ಹೋಗಾಕಿ ನೀ. ನೀನ ಹಾಕ್ಕೊಂಡು ಹೋಗು."

ನನ್ನ ಬೆರಳೂ ಆ ಗುಂಡಿಯ ಕಡೆಗೆ ಹೋಗುವುದಿಲ್ಲ. ಹೀಗಾಗಿ ಮಾತು ಮುಗಿದರೂ ಕರೆ ಮುಗಿಯುವುದಿಲ್ಲ. ಯಾವುದೋ ಊರಿನ ಹೋಟೆಲ್ ಕೋಣೆಯಲ್ಲಿ ಬಟ್ಟೆ ಮಡಚುತ್ತ, ಪಕ್ಕದ ಮನೆಯ ಮಗ್ಗದ ಖಟಖಟ, ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಇದ್ದುಬಿಡುತ್ತೇನೆ.

ಒಂದು ದಿನ ಹಾಗೇ ಪೆಟ್ಟಿಗೆ ತುಂಬುತ್ತಿದ್ದೆ. ಅವ್ವನ ಟಿ.ವಿ.ಯಲ್ಲಿ ಕಾಣುತ್ತಿದ್ದದ್ದು ನನ್ನ ಖಾಲಿ ಕುರ್ಚಿ ಮಾತ್ರ. ಪಕ್ಕದ ಮನೆಯಾಕೆ ಚಹಾಕ್ಕೆ ಬಂದಳು.

"ಮಗಳು ಯಾವಾಗ ಬರ್ತಾಳ ಕಾಕು?"

"ಮುಂದಿನ ವಾರ ಅಂತಾಳ. ಯಾವ ವಾರದ ಮುಂದಿನ ವಾರ, ಅದನ್ನ ಹೇಳೂದಿಲ್ಲ. ಜಗತ್ತಿಗೆಲ್ಲಾ ದಾರಿ ತೋರಸ್ತಾಳ, ಬನಹಟ್ಟಿ ದಾರಿ ಅಷ್ಟ ನೆಪ್ಪಿಲ್ಲ ಆಕಿಗೆ."

"ಅಯ್ಯ, ಟಿ.ವಿ. ಚಾಲೂ ಐತಿ! ಮೆಲ್ಲಕ ಮಾತಾಡ್ರಿ, ಆಕಿ ಕೇಳ್ಯಾಳು!"

"ಕೇಳಲಿ ಅಂತನ ಒದರಾಕತ್ತೇನಿ."

ನನ್ನ ಕೈಯಲ್ಲಿದ್ದ ಅಂಗಿ ಪೆಟ್ಟಿಗೆಗೆ ಹೋಗಲಿಲ್ಲ. ಮುಂದಿನ ಗುಂಪನ್ನು ಬೇರೆ ಯಾರಾದರೂ ಕರೆದುಕೊಂಡು ಹೋಗಲಿ ಅನ್ನಿಸಿತು.

"ಅವ್ವಾ, ಸೋಮವಾರ ಮನಿಗೆ ಬರ್ತೇನಿ" ಅಂದೆ.

ಖಾಲಿ ಕುರ್ಚಿ ಮಾತಾಡಿದ್ದೇ ತಡ, ಪಕ್ಕದ ಮನೆಯಾಕೆ ಕಿರುಚಿ ಚಹಾವನ್ನೆಲ್ಲ ಮೈಮೇಲೆ ಚೆಲ್ಲಿಕೊಂಡಳು. ಅವ್ವ ಅತ್ತ ತಿರುಗಿಯೂ ನೋಡಲಿಲ್ಲವಂತೆ. ಡಬ್ಬಿಯ ಬೆನ್ನು ಸವರುತ್ತ ಅವಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ನೋಡವಾ, ಇಷ್ಟ ದಿನಕ್ಕ ಇದು ಕೆಲಸಾ ಮಾಡ್ತು."